ಖಮೀರ್: ಪುಡಿಯಲ್ಲ, ಜೀವ

ಈಸ್ಟ್ ಅಂದ್ರೆ ಅಡುಗೆ ಸೋಡಾದ ಹಾಗೆ ಇನ್ನೊಂದು ಪುಡಿ ಅಂತ ತುಂಬಾ ಜನ ತಿಳ್ಕೊಂಡಿದ್ದಾರೆ. ನನ್ನ ತರಗತಿಯ ಮಕ್ಕಳೂ "ಟೀಚರ್, ಅದು ಕೆಮಿಕಲ್ ಅಲ್ವಾ?" ಅಂತಾರೆ. ಅಲ್ಲ, ಅದು ಜೀವ ಇರುವ ಶಿಲೀಂಧ್ರ, ಅಣಬೆಯ ಬಳಗದ್ದು. ಅಂಗಡಿಯಲ್ಲಿ ಸಿಗುವ ಒಣ ಈಸ್ಟಿನ ಒಂದು ಗ್ರಾಂನಲ್ಲೇ ನೂರಾರು ಕೋಟಿ ಜೀವಕೋಶಗಳು ನಿದ್ದೆ ಮಾಡ್ತಿರುತ್ತವೆ. ಮುಂಬೈಯ ಪಾವ್, ಹಳೇ ದಿಲ್ಲಿಯ ಖಮೀರಿ ರೊಟ್ಟಿ ಎರಡನ್ನೂ ಉಬ್ಬಿಸುವುದು ಇವೇ. ಉರ್ದುವಿನಲ್ಲಿ ಖಮೀರ್ ಅನ್ನುತ್ತೇವೆ, ಕನ್ನಡದಲ್ಲಿ ಹುದುಗು.

ಹಿಟ್ಟಿಗೆ ನೀರು ಬಿದ್ದ ಕೂಡಲೇ ಗೋಧಿಯಲ್ಲೇ ಇರುವ ಕಿಣ್ವಗಳು ಪಿಷ್ಟವನ್ನು ಒಡೆದು ಸಕ್ಕರೆ ಮಾಡತೊಡಗುತ್ತವೆ. ಆ ಸಕ್ಕರೆಯೇ ಈಸ್ಟಿಗೆ ಊಟ. ಅದನ್ನು ತಿಂದು ಇಂಗಾಲದ ಡೈಆಕ್ಸೈಡ್ ಅನಿಲವನ್ನೂ ಸ್ವಲ್ಪ ಮದ್ಯಸಾರವನ್ನೂ ಹೊರಬಿಡುತ್ತದೆ. ಮದ್ಯಸಾರದ ಹೆಸರು ಕೇಳಿ ಗಾಬರಿಯಾಗುವವರಿದ್ದಾರೆ. ಬೇಯುವಾಗ ಅದರ ಬಹುಪಾಲು ಆವಿಯಾಗಿ ಹೋಗುತ್ತದೆ.

ಆದರೆ ಅನಿಲ ಹುಟ್ಟಿದರೆ ಸಾಲದು, ಅದನ್ನು ಹಿಡಿದಿಡಬೇಕಲ್ಲ? ಆ ಕೆಲಸ ಈಸ್ಟಿನದ್ದಲ್ಲ, ಗೋಧಿಯದು. ಚೆನ್ನಾಗಿ ನಾದಿದಾಗ ಗೋಧಿಯ ಪ್ರೋಟೀನು ಗ್ಲುಟೆನ್ ಎಂಬ ಜಾಲವಾಗುತ್ತದೆ. ರಬ್ಬರಿನಂತೆ ಹಿಗ್ಗುವ ಆ ಜಾಲದಲ್ಲಿ ಅನಿಲ ಸಿಕ್ಕಿಕೊಂಡು ಸಾವಿರಾರು ಗುಳ್ಳೆಗಳಾಗುತ್ತವೆ. ಜೋಳದ ಹಿಟ್ಟಿಗೆ ಎಷ್ಟು ಈಸ್ಟ್ ಸುರಿದರೂ ಪಾವ್ ಆಗೋದಿಲ್ಲ, ಯಾಕೆಂದರೆ ಜೋಳದಲ್ಲಿ ಗ್ಲುಟೆನ್ ಇಲ್ಲ. ನಮ್ಮ ಜೋಳದ ರೊಟ್ಟಿ ಹೆಂಚಿನ ಮೇಲೆ ಉಬ್ಬುತ್ತಲ್ಲ ಅಂತೀರಾ? ಅದು ಒಳಗಿನ ನೀರಾವಿಯ ಕೆಲಸ. ಆವಿ ಹೋದರೆ ರೊಟ್ಟಿಯೂ ಇಳಿಯಿತು. ಪಾವ್ ಹಾಗಲ್ಲ. ಭಟ್ಟಿಯ ಬಿಸಿಗೆ ಗುಳ್ಳೆಗಳು ಕೊನೆಯದಾಗಿ ಒಮ್ಮೆ ಹಿಗ್ಗುತ್ತವೆ, ಈಸ್ಟ್ ಸಾಯುತ್ತದೆ, ಸುತ್ತಲಿನ ಗೋಡೆ ಬೆಂದು ಗಟ್ಟಿಯಾಗಿ ನಿಲ್ಲುತ್ತದೆ.

ಜೀವ ಇರೋದ್ರಿಂದಲೇ ಅದಕ್ಕೆ ಹವೆಯೂ ಮುಖ್ಯ. 25ರಿಂದ 35 ಡಿಗ್ರಿ ಸೆಲ್ಸಿಯಸ್ ಅದಕ್ಕೆ ಹಿತ. ಚೆನ್ನೈಯ ಮೇ ತಿಂಗಳಲ್ಲಿ ಬೇಗ ಉಬ್ಬುವ ಹಿಟ್ಟು ದಿಲ್ಲಿಯ ಜನವರಿಯಲ್ಲಿ ಗಂಟೆಗಟ್ಟಲೆ ಕಾಯಿಸುತ್ತದೆ. ಇಫ್ತಾರ್ ಹೊತ್ತಿಗೆ ನಾನ್ ಆಗಬೇಕು ಅಂತ ಅವಸರಕ್ಕೆ ಕುದಿಯುವ ನೀರು ಹಾಕಿದರೆ ಮುಗೀತು. 60 ಡಿಗ್ರಿಯಲ್ಲಿ ಈಸ್ಟ್ ಬದುಕೋದಿಲ್ಲ. ಈಸ್ಟನ್ನೇ ಎರಡು ಪಟ್ಟು ಹಾಕುವುದೂ ನನಗೆ ಸರಿ ಕಾಣೋದಿಲ್ಲ, ರೊಟ್ಟಿಗೆ ಘಾಟು ಬರುತ್ತದೆ. ಅದರ ಬದಲು ಸ್ವಲ್ಪವೇ ಹಾಕಿ, ನಾದಿ, ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ಅಲ್ಲಿ ಈಸ್ಟ್ ಸಾಯೋದಿಲ್ಲ, ನಿಧಾನವಾಗುತ್ತದೆ ಅಷ್ಟೇ. ರುಚಿಯೂ ಹೆಚ್ಚುತ್ತದೆ.

ಹಳೇ ಪೊಟ್ಟಣದ ಮೇಲೆ ಅನುಮಾನವೇ? ಅರ್ಧ ಲೋಟ ಉಗುರುಬೆಚ್ಚಗಿನ ನೀರಿಗೆ ಚಿಟಿಕೆ ಸಕ್ಕರೆ, ಒಂದು ಚಮಚ ಈಸ್ಟ್ ಹಾಕಿಡಿ. ಹತ್ತು ಹದಿನೈದು ನಿಮಿಷದಲ್ಲಿ ನೊರೆ ಬಂದರೆ ಜೀವ ಇದೆ. ಬರದಿದ್ದರೆ ಚೆಲ್ಲಿಬಿಡಿ, ಒಂದು ಕಿಲೋ ಮೈದಾ ಉಳಿಯಿತು.