ರಾತ್ರಿಗೆ ಕೂಡಿಟ್ಟ ಬಿಸಿಲಿಗೆ ಬೆಲೆ ಎಷ್ಟು?

ಕೊಗನೊಳ್ಳಿ, ನಿಪ್ಪಾಣಿಯಿಂದ ಅಥಣಿ, ಕಾಗವಾಡದವರೆಗೆ ಕಬ್ಬು ಬೆಳೆಯುವವರ ಬಾಯಲ್ಲಿ ಒಂದೇ ಪ್ರಶ್ನೆ: ಥ್ರೀಫೇಸ್ ಕರೆಂಟು ಯಾವಾಗ ಬರುತ್ತದೆ? ರಾತ್ರಿ ಪಾಳಿ ಬಂತೆಂದರೆ ಟಾರ್ಚ್ ಹಿಡಿದು, ಹಾವು ಚೇಳಿಗೆ ಅಂಜುತ್ತ, ಕೆಸರು ಬದುವಿನ ಮೇಲೆ ನಡೆದು ಹೋಗಿ ಮೋಟರ್ ಚಾಲೂ ಮಾಡಬೇಕು. ಹಗಲಿನ ಬಿಸಿಲನ್ನು ಕತ್ತಲಿಗೆ ಕೂಡಿಡುವ ವಿದ್ಯೆ ಇಲ್ಲಿನವರಿಗೆ ಆಸೆ ಹುಟ್ಟಿಸುವುದು ಸಹಜ.

ಆ ವಿದ್ಯೆ ಇದೆ. ಸಾವಿರಾರು ಕನ್ನಡಿಗಳು ಬಿಸಿಲನ್ನು ಗೋಪುರದ ತುದಿಗೆ ಹೊಡೆಯುತ್ತವೆ. ಸೋಡಿಯಂ ಮತ್ತು ಪೊಟ್ಯಾಸಿಯಂ ನೈಟ್ರೇಟ್ ಉಪ್ಪುಗಳ ಕರಗಿದ ಮಿಶ್ರಣ ಅಲ್ಲಿ 565 ಡಿಗ್ರಿವರೆಗೆ ಕಾದು ದೊಡ್ಡ ತೊಟ್ಟಿಗೆ ಇಳಿಯುತ್ತದೆ. ಬೇಕಾದಾಗ ಆ ಕಾವಿನಿಂದ ಉಗಿ ಎಬ್ಬಿಸಿ ಟರ್ಬೈನ್ ತಿರುಗಿಸಬಹುದು. 2011ರಲ್ಲಿ ಶುರುವಾದ ಸ್ಪೇನಿನ ಜೆಮಾಸೋಲಾರ್ ಘಟಕ ಹೀಗೆ 15 ತಾಸಿನ ಕಾವನ್ನು ಕೂಡಿಡುತ್ತದೆ.

ಆದರೂ ಅದು ನಮ್ಮಲ್ಲಿ ಹಬ್ಬಲಿಲ್ಲ. ಸೋತದ್ದು ವಿದ್ಯೆಯಲ್ಲ, ಲೆಕ್ಕ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ದರಪಟ್ಟಿಯೇ ಆ ಕಥೆ ಹೇಳುತ್ತದೆ. 2010ರಲ್ಲಿ ಸೌರಫಲಕದ ಯೂನಿಟ್ಟಿಗೆ 14.50 ರೂಪಾಯಿ, ಕನ್ನಡಿಯಿಂದ ಬರುವ ಸೌರಶಾಖದ ವಿದ್ಯುತ್ತಿಗೆ 11.35. ಆಗ ಕನ್ನಡಿಯೇ ಅಗ್ಗ! 2013ರ ಹೊತ್ತಿಗೆ ಫಲಕ 8.40ಕ್ಕೆ ಇಳಿಯಿತು, ಶಾಖ 10.92ರಲ್ಲೇ ನಿಂತಿತು. 2015ರಲ್ಲಿ 6.51 ಮತ್ತು 10.85. ಮುಂದೆ ಪಾವಗಡದ ಸೌರ ಪಾರ್ಕಿನ ಹರಾಜಿನಲ್ಲಿ ಫಲಕದ ದರ ಮೂರು ರೂಪಾಯಿಗಿಂತ ಕೆಳಗೆ ಬಂತು. 2024ರಲ್ಲಿ ಬ್ಯಾಟರಿ ಸಂಗ್ರಹ ಸೇರಿಸಿಯೂ ಮೂರೂವರೆ ರೂಪಾಯಿ ಆಸುಪಾಸಿನ ಬಿಡ್‌ಗಳು ಬಂದವು. ಫಲಕ ಕಾರ್ಖಾನೆಯಲ್ಲಿ ಲಕ್ಷಗಟ್ಟಲೆ ತಯಾರಾಗುವ ಸರಕು, ವರ್ಷವರ್ಷ ಅಗ್ಗವಾಯಿತು. ಗೋಪುರ, ತೊಟ್ಟಿ, ಟರ್ಬೈನ್‌ಗಳನ್ನು ಪ್ರತಿ ಊರಲ್ಲೂ ಹೊಸದಾಗಿ ಕಟ್ಟಬೇಕು.

ಕಟ್ಟಿದ ಮೇಲೂ ಗಂಡಾಂತರ ತಪ್ಪದು. ಅಮೆರಿಕದ ನೆವಾಡದಲ್ಲಿ 110 ಮೆಗಾವ್ಯಾಟ್‌ನ ಕ್ರೆಸೆಂಟ್ ಡ್ಯೂನ್ಸ್ ಎಂಬ ಇಂಥದೇ ಘಟಕಕ್ಕೆ ಸರ್ಕಾರ 73.7 ಕೋಟಿ ಡಾಲರ್ ಸಾಲಕ್ಕೆ ಖಾತರಿ ನಿಂತಿತ್ತು. 2016ರಲ್ಲಿ ಉಪ್ಪಿನ ತೊಟ್ಟಿ ಸೋರಿ ತಿಂಗಳುಗಟ್ಟಲೆ ಘಟಕ ನಿಂತಿತು. 2019ರಲ್ಲಿ ಕರೆಂಟು ಕೊಳ್ಳುತ್ತಿದ್ದ ಕಂಪನಿ ಒಪ್ಪಂದವನ್ನೇ ರದ್ದು ಮಾಡಿತು.

ನಮ್ಮ ಸೀಮೆಗೆ ಇನ್ನೊಂದು ತೊಡಕಿದೆ. ಕನ್ನಡಿಗೆ ನೇರ ಬಿಸಿಲೇ ಬೇಕು. ಮೃಗಶಿರ ಮಳೆಯಿಂದ ಹಿಡಿದು ಮಳೆಗಾಲ ಮುಗಿಯುವವರೆಗೆ ಇಲ್ಲಿ ಮೋಡ. ಮೋಡದ ಮಂದ ಬೆಳಕಿನಲ್ಲೂ ಫಲಕ ಅಷ್ಟಿಷ್ಟು ಕರೆಂಟು ಕೊಡುತ್ತದೆ, ಕನ್ನಡಿ ಕೊಡುವುದಿಲ್ಲ.

ಹಾಗೆಂದು ಕನ್ನಡಿಯನ್ನು ಮೂಲೆಗೆಸೆಯಬೇಕಿಲ್ಲ. ಶಿರಡಿಯ ಪ್ರಸಾದಾಲಯದಲ್ಲಿ 2009ರಲ್ಲಿ 73 ಕನ್ನಡಿ ಬುಟ್ಟಿಗಳ ಉಗಿಯಲ್ಲಿ ಅಡುಗೆ ಬೇಯಿಸುವ ಏರ್ಪಾಡಾಯಿತು. ಕಾವನ್ನು ಕರೆಂಟು ಮಾಡದೆ ಕಾವಾಗಿಯೇ ಬಳಸಿದರೆ ನಷ್ಟ ಕಡಿಮೆ. ನಮ್ಮ ಸಕ್ಕರೆ ಕಾರ್ಖಾನೆಗಳು ಬಾಯ್ಲರಿಗೆ ಹೋಗುವ ನೀರನ್ನು ಬಿಸಿಲಲ್ಲೇ ಬೆಚ್ಚಗೆ ಮಾಡಿಕೊಂಡರೆ ಹಂಗಾಮಿನಲ್ಲಿ ಕಬ್ಬಿನ ಸಿಪ್ಪೆ ಉಳಿಯುತ್ತದೆ. ಆ ಸಿಪ್ಪೆ ಕೂಡ ಕೂಡಿಟ್ಟ ಬಿಸಿಲೇ. ಹಾಲಿನ ಡೇರಿಗಳಿಗೂ ಕನ್ನಡಿಯ ಕಾವು ಒಗ್ಗುತ್ತದೆ.

ಪಂಪ್‌ಸೆಟ್ಟಿಗಂತೂ ಸಂಗ್ರಹವೇ ಬೇಡ. ನೀರನ್ನು ಹಗಲಲ್ಲೇ ಹಾಯಿಸಬಹುದು. ಚಿಕ್ಕೋಡಿ ತಾಲ್ಲೂಕಿನ ಇಟ್ನಾಳದಲ್ಲಿ ಕರ್ನಾಟಕ ವಿದ್ಯುತ್ ನಿಗಮ 3 ಮೆಗಾವ್ಯಾಟ್ ಸೌರಫಲಕ ಘಟಕ ಹಾಕಿದ್ದು ಪಂಪ್‌ಸೆಟ್‌ಗಳನ್ನು ಮುಂದಿಟ್ಟುಕೊಂಡೇ. ಅಂಥವು ಪ್ರತಿ ಫೀಡರಿಗೂ ಬರಲಿ. ಕರೆಂಟು ಪೂರೈಸುವ ಹೆಸ್ಕಾಂ ರಾತ್ರಿ ಪಾಳಿ ಕೈಬಿಟ್ಟು, ಥ್ರೀಫೇಸ್ ಅನ್ನು ಸೂರ್ಯ ಇರುವಾಗಲೇ ಕೊಡಲಿ.