ಮೌಸ್ ಅಲ್ಲಾಡಿಸಿದ ಕೂಡಲೇ ಪರದೆ ಅಲುಗಬೇಕು

ದೊಡ್ಡ ಪಿಸಿ ಮಹಡಿ ಮೇಲೆ, ಕೆಲಸ ಕೆಳಗೆ ಹಾಲ್‌ನಲ್ಲಿ ಆಗಬೇಕಾ? ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಒಂದು ಸಾಕು. ಪಿಸಿಯಲ್ಲಿ ಪರದೆಯನ್ನು ಕಳಿಸೋ ಸನ್‌ಶೈನ್ ತಂತ್ರಾಂಶ ಹಾಕಿ, ಪೈನಲ್ಲಿ ಅದನ್ನು ತೋರಿಸೋ ಮೂನ್‌ಲೈಟ್. ಎರಡೂ ಉಚಿತ. ಮೂನ್‌ಲೈಟ್ ತೋರಿಸುವ ಪಿನ್ ಅನ್ನು ಸನ್‌ಶೈನ್‌ಗೆ ಕೊಟ್ಟರೆ ಜೋಡಣೆ ಮುಗೀತು.

ಈಗ ಮುಖ್ಯ ವಿಷಯ. ಸೆಕೆಂಡಿಗೆ 60 ಫ್ರೇಮ್ ಅಂದರೆ ಒಂದೊಂದರ ನಡುವೆ ಸಿಗೋದು ಬರೀ 16.7 ಮಿಲಿಸೆಕೆಂಡ್. ವೈಫೈ ಸ್ವಲ್ಪ ತಡವರಿಸಿದರೂ ಫ್ರೇಮ್ ತಪ್ಪುತ್ತೆ, ಮೌಸ್ ಹಿಂದೆ ಬೀಳುತ್ತೆ. ಅದಕ್ಕೇ ಎರಡೂ ಕಡೆ ಈಥರ್ನೆಟ್ ಕೇಬಲ್ ಎಳೀರಿ. ನನ್ನ ಮಟ್ಟಿಗೆ, ಇದರಷ್ಟು ಲಾಭ ಯಾವ ಸೆಟ್ಟಿಂಗ್‌ನಿಂದಲೂ ಸಿಗಲ್ಲ.

ಪೈ 5 ಆದರೆ ಮೂನ್‌ಲೈಟ್ ಸೆಟ್ಟಿಂಗ್‌ನಲ್ಲಿ ವಿಡಿಯೊ ಕೋಡೆಕ್ ಎಚ್‌ಇವಿಸಿ ಇರಲಿ, ಎಚ್.264 ಡಿಕೋಡ್ ಮಾಡೋ ಹಾರ್ಡ್‌ವೇರ್ ಅದರಲ್ಲಿಲ್ಲ. ಪರದೆ ಟಿವಿಯಾಗಿದ್ದರೆ, ಅದರ ವಿಳಂಬ ತಗ್ಗಿಸೋಕೆ ಗೇಮ್ ಮೋಡ್ ಹಾಕಿ.

ಮೂನ್‌ಲೈಟ್ ಓಡ್ತಿರುವಾಗ ಪೈನಲ್ಲಿ ಕಂಟ್ರೋಲ್, ಆಲ್ಟ್, ಶಿಫ್ಟ್, ಎಸ್ ಒಟ್ಟಿಗೆ ಒತ್ತಿ: ವಿಳಂಬದ ಮಿಲಿಸೆಕೆಂಡ್ ಲೆಕ್ಕ ಪರದೆ ಮೇಲೇ ಬರುತ್ತೆ. ವೈಫೈಯಲ್ಲಿ ಎಷ್ಟು, ಕೇಬಲ್‌ನಲ್ಲಿ ಎಷ್ಟು, ನೀವೇ ಹೋಲಿಸಿ ನೋಡಿ.