ಪರದೆಯ ಮೇಲೆ ಸೇರಿದ ಜಾತ್ರೆ

ಜಾತ್ರೆಗೆ ಹೋದವರು ತೇರನ್ನು ಕಂಡು ಹಿಂದಿರುಗುವುದಷ್ಟೇ ಅಲ್ಲ. ಬೀಗರ ಕ್ಷೇಮಸಮಾಚಾರ, ಎತ್ತಿನ ವ್ಯಾಪಾರ, ಕನ್ಯೆ-ವರಗಳ ವಿಚಾರ, ಹಳೆಯ ಮುನಿಸಿನ ಪರಿಹಾರ, ಇವೆಲ್ಲವೂ ತೇರಿನ ಬೀದಿಯ ಬದಿಯಲ್ಲಿಯೇ ಆಗತಕ್ಕ ಕಾರ್ಯಗಳು. ವೃತ್ತಿಪರರ ಸಮ್ಮೇಳನಗಳ ಸ್ವಭಾವವೂ ಬಹುಮಟ್ಟಿಗೆ ಇಂತಹುದೇ. ವೇದಿಕೆಯ ಭಾಷಣವು ತೇರಾದರೆ, ಚಹಾದ ಬಿಡುವಿನಲ್ಲಿ ಪಡಸಾಲೆಯಲ್ಲಿ ನಿಂತು ಆಡುವ ಮಾತೇ ಜಾತ್ರೆ. ಭಾಷಣವನ್ನು ಅಚ್ಚು ಮಾಡಿ ಮನೆಮನೆಗೆ ಕಳುಹಿಸಬಹುದು. ಜಾತ್ರೆಯನ್ನು ಕಳುಹಿಸುವ ಬಗೆ ಯಾವುದು? 2020ರಲ್ಲಿ ಕೋವಿಡ್ ಮಹಾಮಾರಿಯು ಊರೂರುಗಳ ಬಾಗಿಲು ಮುಚ್ಚಿಸಿದಾಗ ಈ ಪ್ರಶ್ನೆಯು ವಿನ್ಯಾಸಕಾರರ ಲೋಕಕ್ಕೆ ತಪ್ಪಿಸಿಕೊಳ್ಳಲಾಗದ ಪ್ರಶ್ನೆಯಾಯಿತು.

ವಿನ್ಯಾಸವೆಂದೊಡನೆ ಸೀರೆಯ ಅಂಚು, ಆಭರಣದ ಕುಸುರಿ ನಮ್ಮ ಕಣ್ಣಮುಂದೆ ಬರುವುದು ಸಹಜ. ಆದರೆ ಹಣ ತೆಗೆಯುವ ಯಂತ್ರದ ಗುಂಡಿಗಳು ಎಲ್ಲಿರಬೇಕು, ಮೊಬೈಲಿನ ಪರದೆಯ ಅಕ್ಷರಗಳು ವೃದ್ಧರ ಕಣ್ಣಿಗೆ ಕಾಣುವಂತಿವೆಯೇ ಎಂದು ಚಿಂತಿಸುವುದೂ ಇಂದು ದೊಡ್ಡ ವೃತ್ತಿಯೇ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನಮ್ಮ ಮನೆಗಳ ಮಕ್ಕಳನೇಕರು ಈ ಕಾರ್ಯದಲ್ಲಿ ತೊಡಗಿರುವುದರಿಂದ ಅದರ ಕಷ್ಟಸುಖಗಳನ್ನು ಹಿರಿಯರೂ ಅರಿತಿರುವುದು ಒಳಿತು.

ಮನುಷ್ಯನಿಗೂ ಗಣಕಯಂತ್ರಕ್ಕೂ ನಡುವಣ ಸಂಬಂಧವನ್ನು ಕುರಿತ ವಿಶ್ವದ ಪ್ರಮುಖ ಸಮ್ಮೇಳನವು 1982ರಲ್ಲಿ ಅಮೆರಿಕದ ಗೇದರ್ಸ್‌ಬರ್ಗ್ ಎಂಬಲ್ಲಿ ಆರಂಭಗೊಂಡಿತು. ಅದರ ಹ್ರಸ್ವನಾಮದ ಉಚ್ಚಾರ ‘ಕೈ’ ಎಂದು. ನಮ್ಮ ಭಾಷೆಯ ಕೈಗೂ ಅದಕ್ಕೂ ನಂಟಿಲ್ಲ, ಆದರೂ ಹೆಸರು ಒಪ್ಪುವಂತಿದೆ. 2020ರ ಏಪ್ರಿಲಿನಲ್ಲಿ ಹವಾಯಿ ದ್ವೀಪಸಮೂಹದ ಹೊನೊಲುಲುವಿನಲ್ಲಿ ಸೇರಬೇಕಾಗಿದ್ದ ಈ ಸಮ್ಮೇಳನ ರದ್ದಾಯಿತು. 2021ರ ಮೇ ತಿಂಗಳಲ್ಲಿ ಜಪಾನಿನ ಯೊಕೊಹಾಮಾದಲ್ಲಿ ಸೇರಬೇಕಾಗಿದ್ದುದು ಸಂಪೂರ್ಣವಾಗಿ ಅಂತರಜಾಲದಲ್ಲಿಯೇ ಜರುಗಿತು. ಅಡೋಬಿ ಸಂಸ್ಥೆಯ ‘ಮ್ಯಾಕ್ಸ್’ ಸಮ್ಮೇಳನವು 2020ರ ಅಕ್ಟೋಬರಿನಲ್ಲಿ ಮೂರು ದಿನ ಪರದೆಯ ಮೇಲೆ ನಡೆಯಿತು. ಅದಕ್ಕೆ ಪ್ರವೇಶಶುಲ್ಕವೇ ಇರಲಿಲ್ಲ.

ಶುಲ್ಕವಿಲ್ಲ, ವಿಮಾನದ ಟಿಕೆಟ್ಟಿಲ್ಲ, ವೀಸಾಕ್ಕಾಗಿ ಅಲೆದಾಟವಿಲ್ಲ. ಹೊಸದಾಗಿ ವೃತ್ತಿಗೆ ಬಂದ ನಮ್ಮ ನಾಡಿನ ತರುಣ ತರುಣಿಯರಿಗೆ ಇದು ಸಾಮಾನ್ಯ ಲಾಭವೇನಲ್ಲ. ಕೈಗೂಸಿನ ತಾಯಿಯೂ ಮನೆಯಲ್ಲಿಯೇ ಕುಳಿತು ಜಗತ್ತಿನ ಶ್ರೇಷ್ಠರ ಉಪನ್ಯಾಸವನ್ನು ಕೇಳುವಂತಾಯಿತು. ಆದರೆ ಕೇಳುವುದು ಬೇರೆ, ಪರಿಚಯವಾಗುವುದು ಬೇರೆ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟ್ಟರ್ ಅವರು 1973ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನವೊಂದರಲ್ಲಿ, ಉದ್ಯೋಗದ ಸುದ್ದಿಯು ಆಪ್ತಮಿತ್ರರಿಗಿಂತ ಹೆಚ್ಚಾಗಿ ದೂರದ ಪರಿಚಿತರಿಂದಲೇ ಬರುವುದೆಂದು ತೋರಿಸಿದರು. ಆಪ್ತರಿಗೆ ತಿಳಿದುದು ನಮಗೂ ತಿಳಿದಿರುತ್ತದೆ; ಹೊಸ ಸುದ್ದಿ ಬರಬೇಕಾದುದು ಹೊರಗಿನಿಂದಲೇ. ಅಂತಹ ದೂರದ ಪರಿಚಯಗಳು ಹುಟ್ಟುವ ತಾಣವೇ ಸಮ್ಮೇಳನದ ಪಡಸಾಲೆ. ಅದಿಲ್ಲದಿದ್ದಲ್ಲಿ ಹೆಚ್ಚಿನ ಹಾನಿಯಾಗುವುದು ಈಗಾಗಲೇ ಹೆಸರಾಂತ ಹಿರಿಯರಿಗಲ್ಲ, ಯಾರ ಗುರುತೂ ಇಲ್ಲದ ಹೊಸಬರಿಗೆ.

ಪರದೆಯ ಮೇಲೆ ಪರಿಚಯ ಬೆಳೆಯಲಾರದೇಕೆ ಎಂಬುದಕ್ಕೆ ಕಾರಣಗಳುಂಟು. ಹತ್ತು ಭಾಷೆಗಳ ಸಂಭಾಷಣೆಯನ್ನು ಪರಿಶೀಲಿಸಿ 2009ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಒಬ್ಬರ ಪ್ರಶ್ನೆ ಮುಗಿದು ಇನ್ನೊಬ್ಬರ ಉತ್ತರ ಆರಂಭವಾಗಲು ಹಿಡಿಯುವ ಅವಧಿ ಸರಾಸರಿ ಸೆಕೆಂಡಿನ ಐದನೆಯ ಒಂದು ಭಾಗ ಮಾತ್ರ. ಜಾಲದ ಮೂಲಕ ಧ್ವನಿಯು ಅಷ್ಟೇ ತಡವಾಗಿ ಬಂದರೂ ಮಾತಿನ ಲಯ ಕೆಡುತ್ತದೆ. ಇಬ್ಬರೂ ಒಮ್ಮೆಲೇ ಆರಂಭಿಸಿ ಒಮ್ಮೆಲೇ ನಿಲ್ಲುವರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಜೆರೆಮಿ ಬೇಲೆನ್ಸನ್ ಅವರು 2021ರಲ್ಲಿ ಈ ಆಯಾಸದ ಮೂಲವನ್ನು ವಿವೇಚಿಸಿದರು. ಅತಿ ಸಮೀಪದಿಂದ ಎಡೆಬಿಡದೆ ನೋಡುವ ಹತ್ತಾರು ಕಣ್ಣುಗಳು, ದಿನವಿಡೀ ತನ್ನ ಮುಖವನ್ನೇ ತಾನು ಕಾಣುವ ಹಿಂಸೆ, ಕುಳಿತಲ್ಲಿಂದ ಕದಲಲಾಗದ ಕಟ್ಟು, ಮುಖಭಾವವನ್ನು ಅರಿಯಲು ಮತ್ತು ಅರುಹಲು ಮನಸ್ಸಿಗಾಗುವ ಅಧಿಕ ಶ್ರಮ, ಹೀಗೆ. ಕನ್ನಡಿಯನ್ನು ಕೈಯಲ್ಲಿ ಹಿಡಿದುಕೊಂಡೇ ಮದುವೆ ಮನೆಯಲ್ಲಿ ಮಾತನಾಡುವವರುಂಟೇ!

ಪರಿಹಾರದ ಯತ್ನಗಳೂ ನಡೆಯದಿರಲಿಲ್ಲ. 2020ರ ಮಾರ್ಚಿನಲ್ಲಿ ಅಟ್ಲಾಂಟಾದಲ್ಲಿ ಸೇರಬೇಕಾಗಿದ್ದ ವರ್ಚುಯಲ್ ರಿಯಾಲಿಟಿ ತಜ್ಞರ ಸಮ್ಮೇಳನವು ಮೊಜಿಲ್ಲಾ ಸಂಸ್ಥೆಯ ‘ಹಬ್ಸ್’ ಎಂಬ ವ್ಯವಸ್ಥೆಯಲ್ಲಿ ಕೃತಕ ಕೋಣೆಗಳನ್ನು ರಚಿಸಿಕೊಂಡಿತು. ಆ ಕೋಣೆಗಳಲ್ಲಿ ಬೊಂಬೆಯ ರೂಪದಲ್ಲಿ ತಿರುಗಾಡಬಹುದು. ದೂರದವರ ಧ್ವನಿ ಕ್ಷೀಣವಾಗಿಯೂ ಸಮೀಪದವರದು ಸ್ಪಷ್ಟವಾಗಿಯೂ ಕೇಳಿಸುವುದು. ಅದೇ ವರ್ಷ ಬಂದ ‘ಗ್ಯಾದರ್’ ಎಂಬುದರಲ್ಲಿಯೂ ಇದೇ ತತ್ತ್ವ: ಬೊಂಬೆಗಳೆರಡು ಹತ್ತಿರ ಬಂದರೆ ಮುಖಗಳು ಕಾಣಿಸುತ್ತವೆ, ದೂರ ಸರಿದರೆ ಮಾಯವಾಗುತ್ತವೆ. ಕಚೇರಿಯಲ್ಲಿ ಮೇಜುಗಳ ಅಂತರ ಹೆಚ್ಚಿದಂತೆ ಮಾತುಕತೆ ಕುಸಿಯುವುದೆಂದು ಎಂ.ಐ.ಟಿ.ಯ ಥಾಮಸ್ ಅಲೆನ್ 1970ರ ದಶಕದಲ್ಲಿಯೇ ಕಂಡುಕೊಂಡಿದ್ದರು. ಹತ್ತಿರ-ದೂರಗಳೇ ಇಲ್ಲದಿದ್ದ ಪರದೆಗೆ ಅವೆರಡನ್ನೂ ಮರಳಿ ತಂದುದೇ ಈ ಯುಕ್ತಿ.

ಆದರೂ ನಮ್ಮ ಅಭಿಪ್ರಾಯದಲ್ಲಿ ಯಂತ್ರದ ಯುಕ್ತಿಗಿಂತ ಆತಿಥೇಯರ ಕಾಳಜಿಯೇ ಹೆಚ್ಚಿನದು. ಐನೂರು ಜನರ ಸಭೆಯಲ್ಲಿ ಹೊಸಬರು ಬಾಯಿ ತೆರೆಯಲಾರರು. ಐದಾರು ಜನರನ್ನು ಒಂದು ಕೋಣೆಯಲ್ಲಿ ಕೂಡಿಸಿ, ಹಿರಿಯರೊಬ್ಬರು ಪ್ರತಿಯೊಬ್ಬರ ಹೆಸರು ಹಿಡಿದು ಕರೆದು, ಇವರು ಇಂತಹ ಕೆಲಸ ಮಾಡಿದವರು, ನೀವಿಬ್ಬರೂ ಮಾತನಾಡಬೇಕಾದವರು ಎಂದು ಕೈಹಿಡಿದು ಜೋಡಿಸಿದಲ್ಲಿ ಮಾತ್ರ ಪರಿಚಯವು ಬೇರೂರೀತು. ಬೀಗರ ಮನೆಯಲ್ಲಿ ಇದನ್ನು ಮಾಡುವ ಹಿರಿಯರಿಲ್ಲದಿದ್ದರೆ ಅತಿಥಿಗಳು ಗೋಡೆಗೆ ಒರಗಿ ಕುಳಿತಿರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಇನ್ನು ಗಡಿಯಾರದ ತೊಡಕು. ಕ್ಯಾಲಿಫೋರ್ನಿಯಾದಲ್ಲಿ ಬೇಸಗೆಯ ಮುಂಜಾನೆ 9 ಗಂಟೆಗೆ ಗೋಷ್ಠಿ ಆರಂಭವಾದರೆ ಬೆಂಗಳೂರಿನಲ್ಲಿ ರಾತ್ರಿ 9-30. ಅಲ್ಲಿನವರ ಮಧ್ಯಾಹ್ನದ ಊಟದ ಹರಟೆಯ ವೇಳೆಗೆ ಇಲ್ಲಿ ಮಧ್ಯರಾತ್ರಿ ಕಳೆದಿರುವುದು. ಒಂದೇ ಗೋಷ್ಠಿಯನ್ನು ಹನ್ನೆರಡು ತಾಸುಗಳ ಅಂತರದಲ್ಲಿ ಎರಡು ಬಾರಿ ನಡೆಸುವುದು ಶ್ರಮದ ಕೆಲಸವೇ ಹೌದು. ಆದರೆ ಒಂದೇ ಬಾರಿ ನಡೆಸುವುದಾದರೆ ನಿದ್ದೆಗೆಡಬೇಕಾದವರು ಪ್ರತಿಸಲವೂ ಪೂರ್ವದೇಶದವರೇ ಏಕಾಗಬೇಕು?

ಸಭಾಂಗಣಗಳು ಪುನಃ ತೆರೆದುವು. ‘ಕೈ’ ಸಮ್ಮೇಳನವು 2022ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ, 2023ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಸೇರಿತು. ಅಲ್ಲಿಗೆ ಹೋಗಲಾಗದವರಿಗಾಗಿ ಪರದೆಯ ಬಾಗಿಲನ್ನೂ ತೆರೆದಿಟ್ಟಿತ್ತು. ಮೊಜಿಲ್ಲಾ ತನ್ನ ‘ಹಬ್ಸ್’ ಸೇವೆಯನ್ನು 2024ರ ಮೇ ತಿಂಗಳಿಗೆ ನಿಲ್ಲಿಸಿತು. 2021ರಲ್ಲಿ ಅತಿಥಿಗಳಿಲ್ಲದೆ ಉಳಿದ ಯೊಕೊಹಾಮಾ ನಗರಕ್ಕೆ 2025ರ ಏಪ್ರಿಲಿನಲ್ಲಿ ಸಮ್ಮೇಳನವು ಕೊನೆಗೂ ಬಂದಿತು, ಪಡಸಾಲೆಯ ಮಾತು ಸಹಿತವಾಗಿ. ಎರಡು ಬಾಗಿಲು ಕಾಯುವುದು ವ್ಯವಸ್ಥಾಪಕರಿಗೆ ಇಮ್ಮಡಿ ವೆಚ್ಚದ ಕೆಲಸವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಎರಡನೆಯದನ್ನು ಮುಚ್ಚಿದ ದಿನ ಹೊರಗುಳಿಯುವವರು ಯಾರೆಂಬುದು ಧಾರವಾಡದಲ್ಲಿಯೋ ಕಲಬುರ್ಗಿಯಲ್ಲಿಯೋ ಈಗಷ್ಟೇ ವಿನ್ಯಾಸ ಕಲಿಯುತ್ತಿರುವ ವಿದ್ಯಾರ್ಥಿನಿಗೆ ಚೆನ್ನಾಗಿ ಗೊತ್ತು.